ಲಸಿಕೆ ಪಡೆದವರು, ಪಡೆಯದವರು: ಹುಬ್ಬಳ್ಳಿಯ ಪ್ಲೇಗಿನಿಂದ ಮೆಲನೋಮದ ಚಿಕಿತ್ಸೆಯವರೆಗೆ ಒಂದು ಪರೀಕ್ಷಾಕ್ರಮದ ಇತಿಹಾಸ

೧

ಹರಿಹರದ ಹೆಸರನ್ನು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ೧೨೨೪ರಲ್ಲಿ, ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯ. ಪ್ರಸ್ತುತ ಲೇಖನದಲ್ಲಿ ನಾವು ಆ ಊರನ್ನು ಸ್ಮರಿಸುವುದು ಬೇರೊಂದು ಕಾರಣಕ್ಕಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹರಿಹರವು ಗಡಿಯ ಊರಾಗಿತ್ತು. ತುಂಗಭದ್ರೆಯ ಬಲದಂಡೆಯಲ್ಲಿ ಮೈಸೂರು ಸಂಸ್ಥಾನ. ನದಿಯಾಚೆ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ಸೀಮೆ. ಎರಡು ದಂಡೆಗಳ ಜನರ ಮಾತು ಒಂದೇ, ಸಂತೆ ಜಾತ್ರೆಗಳು ಒಂದೇ, ನೆಂಟಸ್ತಿಕೆಯೂ ಒಂದೇ. ಆಳುತ್ತಿದ್ದ ಸರಕಾರಗಳು ಮಾತ್ರ ಎರಡು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿ ಇಲ್ಲಿಯೇ ನದಿಯನ್ನು ದಾಟುತ್ತಿತ್ತು.

೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ೧೮೯೮ರ ವೇಳೆಗೆ ಹುಬ್ಬಳ್ಳಿಯನ್ನು ಆವರಿಸಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರ ಮೂಲಕವೇ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಆದಕಾರಣ ಮಹಾಮಾರಿಯು ಹಾದುಬಂದ ದಾರಿಯ ಮೇಲೆ ಹರಿಹರವಿತ್ತು. ಆ ಕಾಲದಲ್ಲಿ ಇಲಿ ಬಿದ್ದವೆಂದು ಕೇಳಿದೊಡನೆ ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಣ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಈ ನೆನಪು ನಮ್ಮ ಸೀಮೆಯ ಹಳೆಯ ಮನೆತನಗಳಲ್ಲಿ ಬಹುಕಾಲ ಉಳಿದಿತ್ತು.

ಇದೇ ರೈಲುದಾರಿಯ ಇನ್ನೊಂದು ತುದಿಯಲ್ಲಿ, ಹರಿಹರದಿಂದ ಸುಮಾರು ೧೩೦ ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ, ೧೮೯೮ರಲ್ಲಿ ಒಂದು ಹೊಸ ಲಸಿಕೆಯನ್ನು ಒಂದು ಇಡೀ ಪಟ್ಟಣದ ಮೇಲೆ ಪ್ರಯೋಗಿಸಲಾಯಿತು. ‘ಈ ಲಸಿಕೆಯಿಂದ ಫಲ ಉಂಟೇ? ಉಂಟೆಂದು ತಿಳಿಯುವುದು ಹೇಗೆ?’ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಮೆಲನೋಮವೆಂಬ ಚರ್ಮದ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ, ಅದು ಮರುಕಳಿಸದಂತೆ ಲಸಿಕೆಯನ್ನೂ ರಾಸಾಯನಿಕ ಔಷಧವನ್ನೂ ಜೊತೆಗೂಡಿಸಿ ಕೊಟ್ಟು ನೋಡಿದ ಇಪ್ಪತ್ತನೆಯ ಶತಮಾನದ ವೈದ್ಯರ ಮುಂದೆಯೂ ಇದ್ದುದು ಇದೇ ಪ್ರಶ್ನೆ. ಒಂದು ಸಾಂಕ್ರಾಮಿಕ ರೋಗ, ಇನ್ನೊಂದು ಅಲ್ಲ. ಒಂದು ಲಸಿಕೆ ರೋಗ ಬಾರದಿರಲೆಂದು, ಇನ್ನೊಂದು ಬಂದುದು ಮರಳದಿರಲೆಂದು. ಆದರೂ ಎರಡನ್ನೂ ಕೂಡಿಸುವ ಒಂದು ಎಳೆಯಿದೆ. ಲಸಿಕೆ ಪಡೆದವರನ್ನು ಪಡೆಯದವರೊಡನೆ ಹೋಲಿಸದೆ ಅದರ ಬೆಲೆ ತಿಳಿಯದು. ಆ ‘ಪಡೆಯದವರು’ ಯಾರು, ಅವರಿಗೆ ನ್ಯಾಯವಾಯಿತೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದವನು ಒಡೆಸ್ಸಾದಲ್ಲಿ ೧೮೬೦ರಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ರೂಪಿಸಿ, ೧೮೯೨ರಲ್ಲಿ ಅದನ್ನು ತನಗೇ ಚುಚ್ಚಿಕೊಂಡು ನೋಡಿ, ೧೮೯೩ರಲ್ಲಿ ಭಾರತಕ್ಕೆ ಬಂದನು. ಮುಂಬಯಿಯಲ್ಲಿ ಪ್ಲೇಗು ತೋರಿದಾಗ ಸರಕಾರವು ಅವನನ್ನು ಅಲ್ಲಿಗೆ ಕರೆಸಿತು. ಮಾಂಸದ ಸಾರಿನಲ್ಲಿ ಪ್ಲೇಗಿನ ಅಣುಜೀವಿಗಳನ್ನು ಬೆಳೆಸಿ, ಕಾಯಿಸಿ ಕೊಂದು, ಆ ದ್ರವವನ್ನೇ ಲಸಿಕೆಯನ್ನಾಗಿ ಮಾಡಿದನು. ೧೮೯೭ರ ಜನವರಿ ೧೦ರಂದು ಅದನ್ನೂ ಮೊದಲು ತನ್ನ ದೇಹಕ್ಕೆ ಚುಚ್ಚಿಸಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ, ಒಪ್ಪದವರೊಡನೆ ಹೋಲಿಸಿ ನೋಡಿದನು. ಲಸಿಕೆ ಪಡೆದವರಲ್ಲಿ ರೋಗ ಕಡಿಮೆಯಾಗಿ ಕಂಡಿತು.

ಹಾಫ್ಕಿನನ ಪರೀಕ್ಷೆಗಳಲ್ಲಿ ಅತ್ಯಂತ ಸ್ಪಷ್ಟವಾದುದು ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ೧೮೯೮ರ ಫೆಬ್ರವರಿಯಲ್ಲಿ ನಡೆಯಿತು. ಅಲ್ಲಿ ಅವನು ಮನೆಮನೆಯ ಜನರನ್ನು ಪಟ್ಟಿಮಾಡಿ, ವಯಸ್ಸು, ದೇಹಸ್ಥಿತಿ ಮುಂತಾದವು ಆದಷ್ಟು ಸರಿಸಮನಾಗುವಂತೆ ನೋಡಿಕೊಂಡು, ಪ್ರತಿಯೊಂದು ಕುಟುಂಬದಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರ ಲಸಿಕೆ ಹಾಕಿದನು. ಅನಂತರ ಪ್ಲೇಗು ಹೊಕ್ಕ ಮನೆಗಳನ್ನು ಎಣಿಸಿದಾಗ, ಲಸಿಕೆ ಪಡೆದ ೭೧ ಮಂದಿಯಲ್ಲಿ ೮ ಜನರಿಗೆ ರೋಗ ಬಂದು ೩ ಜನರು ಸತ್ತಿದ್ದರು. ಪಡೆಯದ ೬೪ ಮಂದಿಯಲ್ಲಿ ೨೭ ಜನರಿಗೆ ರೋಗ ಬಂದು ೨೬ ಜನರು ಸತ್ತಿದ್ದರು. ಒಂದೇ ಸೂರಿನಡಿಯಲ್ಲಿ ವಾಸ, ಒಂದೇ ಒಲೆಯ ಅನ್ನ, ಒಂದೇ ನೆಲದ ಮೇಲೆ ನಿದ್ರೆ. ವ್ಯತ್ಯಾಸವೆಂದರೆ ಒಂದು ಸೂಜಿಯ ಚುಚ್ಚು. ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ಆ ಕಾಲದಲ್ಲಿ ಬಯಸುವುದು ಕಷ್ಟ.

ಆದರೆ ಈ ಅಂಕಿಗಳನ್ನು ನಾವು ಎರಡು ಬಗೆಯಾಗಿ ಓದಬಹುದು. ವಿಜ್ಞಾನದ ದೃಷ್ಟಿಯಿಂದ ಅದು ಜಯ. ಆ ೨೬ ಜನರ ಮನೆಯವರ ದೃಷ್ಟಿಯಿಂದ ನೋಡಿದರೆ, ತಮ್ಮನಿಗೆ ಕೊಟ್ಟುದನ್ನು ಅಣ್ಣನಿಗೆ ಏಕೆ ಕೊಡಲಿಲ್ಲವೆಂಬ ಪ್ರಶ್ನೆಗೆ ಉತ್ತರವೇನು? ಈ ಪ್ರಶ್ನೆಯನ್ನು ಬದಿಗಿಟ್ಟು ಲಸಿಕಾ ಪರೀಕ್ಷೆಯ ಇತಿಹಾಸವನ್ನು ಬರೆಯುವುದು ಸಾಧ್ಯವಿಲ್ಲ.

೩

ಹುಬ್ಬಳ್ಳಿಯಲ್ಲಿ ನಡೆದುದು ಇದಕ್ಕೆ ವಿರುದ್ಧವಾದ ಕ್ರಮ. ಆಗ ಸುಮಾರು ಐವತ್ತು ಸಾವಿರ ಜನಸಂಖ್ಯೆಯಿದ್ದ ಆ ಪಟ್ಟಣದಲ್ಲಿ ವೈದ್ಯಾಧಿಕಾರಿಯಾದ ಲ್ಯೂಮನ್ ೧೮೯೮ರ ಮೇ ತಿಂಗಳಿನಿಂದ ಜನರಿಗೆ ವ್ಯಾಪಕವಾಗಿ ಲಸಿಕೆ ಹಾಕಿಸಲು ಮೊದಲುಮಾಡಿದನು. ಯಾರನ್ನೂ ಹೋಲಿಕೆಗಾಗಿ ಬೇರೆಯಿಡಲಿಲ್ಲ; ಬಂದವರಿಗೆಲ್ಲ ಲಸಿಕೆ ಕೊಟ್ಟರು. ಕೆಲವೇ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರು ಲಸಿಕೆ ಪಡೆದರು. ಅನೇಕರು ಎರಡು ಸಲ ಪಡೆದರು. ವಾರವಾರಕ್ಕೂ ಲಸಿಕೆ ಪಡೆದವರ ಮತ್ತು ಪಡೆಯದವರ ಸಾವುಗಳನ್ನು ಬೇರೆಬೇರೆಯಾಗಿ ಬರೆದಿಟ್ಟರು. ಪಟ್ಟಿಯನ್ನು ನೋಡಿದವರಿಗೆ ಲಸಿಕೆಯ ಪ್ರಭಾವ ಬೆರಗುಗೊಳಿಸುವಂತಿತ್ತು. ಕೊನೆಕೊನೆಯ ವಾರಗಳಲ್ಲಂತೂ ಲಸಿಕೆ ಪಡೆಯದವರ ಸಾವಿನ ಪ್ರಮಾಣ ನಂಬಲಾಗದಷ್ಟು ಎತ್ತರಕ್ಕೆ ಏರಿತ್ತು.

ನಂಬಲಾಗದಷ್ಟು ಎಂಬಲ್ಲಿಯೇ ತೊಡಕಿತ್ತು. ಲಸಿಕೆ ಹಾಕಿಸಿಕೊಳ್ಳುವವರು ಹೆಚ್ಚಿದಂತೆ ಹಾಕಿಸಿಕೊಳ್ಳದವರ ಗುಂಪು ದಿನೇದಿನೇ ಕರಗುತ್ತಿತ್ತು. ಕಡೆಗೆ ಉಳಿದವರು ಯಾರು? ಈಗಾಗಲೇ ಜ್ವರ ಹಿಡಿದಿದ್ದವರು, ಹಾಸಿಗೆ ಬಿಟ್ಟೇಳಲಾರದವರು, ಬಡತನದಿಂದಲೋ ಭಯದಿಂದಲೋ ಸರಕಾರದ ಕಣ್ಣಿಗೆ ಬೀಳದೆ ಅಡಗಿದ್ದವರು ಆ ಗುಂಪಿನಲ್ಲಿ ಹೆಚ್ಚಾಗಿ ಉಳಿದುಕೊಳ್ಳುವುದು ಸಹಜ. ಇಂಥ ಗುಂಪಿನಲ್ಲಿ ಸಾವು ಹೆಚ್ಚಾದರೆ, ಅದು ಲಸಿಕೆಯಿಲ್ಲದುದರ ಫಲವೋ ಅವರ ಸ್ಥಿತಿಯ ಫಲವೋ ಎಂದು ಬೇರ್ಪಡಿಸುವುದು ಹೇಗೆ? ಇದಲ್ಲದೆ ಆ ಕಾಲದಲ್ಲಿ ಪ್ಲೇಗು ಬಂದ ಪಟ್ಟಣದಿಂದ ಜನರು ಓಡಿಹೋಗುವುದೂ ಮರಳಿಬರುವುದೂ ನಡೆದೇ ಇರುತ್ತಿತ್ತು. ಒಟ್ಟು ಜನರೆಷ್ಟು ಎಂಬ ಎಣಿಕೆಯೇ ಸಡಿಲವಾದರೆ ಶೇಕಡಾವಾರು ಲೆಕ್ಕವೂ ಸಡಿಲವಾಗುತ್ತದೆ.

ಫ್ರೇಸರನ ಅಧ್ಯಕ್ಷತೆಯಲ್ಲಿ ೧೮೯೮ರಲ್ಲಿ ನೇಮಕವಾದ ಭಾರತೀಯ ಪ್ಲೇಗ್ ಆಯೋಗವು ಈ ಅಂಕಿಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿತು. ಅಂಕಿಗಳಲ್ಲಿ ದೋಷಗಳಿವೆಯೆಂದೂ, ಆದರೂ ಲಸಿಕೆಯು ರೋಗವನ್ನು ಗಮನಾರ್ಹವಾಗಿ ತಗ್ಗಿಸುತ್ತದೆಂದೂ, ಅದರ ರಕ್ಷಣೆ ಸಂಪೂರ್ಣವಲ್ಲವೆಂದೂ ತೀರ್ಮಾನಿಸಿತು. ತೀರ್ಪು ನ್ಯಾಯವಾದದ್ದೇ. ಆದರೆ ಹುಬ್ಬಳ್ಳಿಯಲ್ಲಿ ಉಂಧೇರಾದ ಅನೇಕ ಪಟ್ಟು ಜನರು ಲಸಿಕೆ ಪಡೆದಿದ್ದರೂ, ಸಾಕ್ಷ್ಯದ ಬಲದಲ್ಲಿ ಆ ಸಣ್ಣ ಹಳ್ಳಿಯೇ ಮೇಲಾಯಿತೆಂಬುದು ಗಮನಾರ್ಹ. ಉಂಧೇರಾದಲ್ಲಿ ಜನರನ್ನು ವಿಭಾಗಿಸಿದರು. ಜ್ಞಾನ ಸ್ಪಷ್ಟವಾಯಿತು, ಅದಕ್ಕೆ ಪ್ರಾಣಗಳ ಬೆಲೆ ತೆರಬೇಕಾಯಿತು. ಹುಬ್ಬಳ್ಳಿಯಲ್ಲಿ ವಿಭಾಗಿಸಲಿಲ್ಲ, ಅನೇಕರ ಜೀವ ಉಳಿದಿರಬೇಕು, ಆದರೆ ಎಷ್ಟು ಎಂಬುದು ಮಸಕಾಗಿಯೇ ಉಳಿಯಿತು. ಮುಂದಿನ ನೂರು ವರ್ಷಗಳ ಲಸಿಕಾ ಪರೀಕ್ಷೆಗಳು ಈ ಎರಡು ತುದಿಗಳ ನಡುವೆ ದಾರಿ ಹುಡುಕಿದವೆಂದು ಹೇಳಬಹುದು.

ಲಸಿಕೆಯ ಮೇಲಿನ ವಿಶ್ವಾಸ ಎಷ್ಟು ನಾಜೂಕಾದುದೆಂಬುದಕ್ಕೂ ಹಾಫ್ಕಿನನ ಜೀವನದಲ್ಲಿ ನಿದರ್ಶನವಿದೆ. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ೧೯ ಮಂದಿ ಧನುರ್ವಾಯುವಿನಿಂದ ಮೃತರಾದರು. ಅಪವಾದ ಹಾಫ್ಕಿನನ ಮೇಲೆ ಬಿದ್ದು ಅವನು ಹುದ್ದೆಯಿಂದ ದೂರವಾಗಬೇಕಾಯಿತು. ೧೯೦೭ರಲ್ಲಿ ಅವನು ನಿರ್ದೋಷಿಯೆಂದು ಒಪ್ಪಲಾಯಿತು. ೧೯೨೫ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟರು.

೪

ಹುಬ್ಬಳ್ಳಿಯಂಥ ಪಟ್ಟಿಗಳನ್ನು ಹೇಗೆ ಓದಬೇಕೆಂಬುದಕ್ಕೆ ನಿಯಮಗಳನ್ನು ಕೊಟ್ಟವರು ಇಂಗ್ಲೆಂಡಿನ ಗ್ರೀನ್‌ವುಡ್ ಮತ್ತು ಯೂಲ್. ವಿಷಮಶೀತಜ್ವರ ಮತ್ತು ಕಾಲರಾ ಲಸಿಕೆಗಳ ಅಂಕಿಗಳನ್ನು ಕುರಿತು ೧೯೧೫ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಮೂರು ಷರತ್ತುಗಳನ್ನು ಮುಂದಿಟ್ಟರು. ಲಸಿಕೆ ಪಡೆದವರೂ ಪಡೆಯದವರೂ ಮುಖ್ಯ ವಿಷಯಗಳಲ್ಲೆಲ್ಲ ಸಮಾನರಾಗಿರಬೇಕು. ಇಬ್ಬರಿಗೂ ರೋಗ ತಗಲುವ ಸಂಭವ ಸಮವಾಗಿರಬೇಕು. ಲಸಿಕೆ ಪಡೆದರೆಂಬ ನಿರ್ಣಯವೂ ರೋಗ ಬಂತೆಂಬ ನಿರ್ಣಯವೂ ಒಂದನ್ನೊಂದು ಅವಲಂಬಿಸಿರಕೂಡದು. ಈ ಮೂರನ್ನು ಹುಬ್ಬಳ್ಳಿಯ ಪಟ್ಟಿಗೆ ಹಚ್ಚಿ ನೋಡಿದರೆ, ಅಲ್ಲಿಯ ಕುಂದು ಎಲ್ಲಿತ್ತೆಂಬುದು ವಿದ್ಯಾರ್ಥಿಗೆ ತಾನಾಗಿಯೇ ವಿಶದವಾಗುತ್ತದೆ.

ಸಮಾನತೆಯನ್ನು ಸಾಧಿಸುವ ಉಪಾಯವು ಮುಂದೆ ದೊರೆಯಿತು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯನೂ ನಿರ್ಧರಿಸದೆ, ರೋಗಿಯೂ ನಿರ್ಧರಿಸದೆ, ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡುವುದೇ ಆ ಉಪಾಯ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಬ್ರಿಟನ್ನಿನಲ್ಲಿ ಹೀಗೆ ಪರೀಕ್ಷಿಸಿ, ಬ್ರಾಡ್‌ಫರ್ಡ್ ಹಿಲ್ ಮೊದಲಾದವರು ೧೯೪೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಗ ಔಷಧವೇ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಕೆಲವರಿಗೆ ಕೊಡದಿರುವುದು ಹೇಗೂ ಅನಿವಾರ್ಯವಾಗಿತ್ತು. ಅನಿವಾರ್ಯವಾದ ಕೊರತೆಯನ್ನು ಜ್ಞಾನದ ಸಾಧನವನ್ನಾಗಿ ಮಾಡಿಕೊಂಡುದು ಆ ಪರೀಕ್ಷೆಯ ನೈತಿಕ ಬಲ.

ಈ ಕ್ರಮವು ದಕ್ಷಿಣ ಭಾರತಕ್ಕೆ ಬಂದುದು ಬಿ.ಸಿ.ಜಿ. ಲಸಿಕೆಯೊಡನೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬವರು ದನದ ಕ್ಷಯದ ಅಣುಜೀವಿಯನ್ನು ದುರ್ಬಲಗೊಳಿಸಿ ಸಿದ್ಧಪಡಿಸಿದ ಈ ಲಸಿಕೆಯನ್ನು ೧೯೨೧ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ೧೯೪೮ರಲ್ಲಿ ನಮ್ಮ ದೇಶದಲ್ಲಿ ಅದರ ಬಳಕೆ ಮೊದಲಾಯಿತು. ಮದರಾಸಿನ ಗಿಂಡಿಯಲ್ಲಿ ತಯಾರಿಕೆಯೂ ನಡೆಯಿತು. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ೧೯೬೮ರಲ್ಲಿ ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರನ್ನೊಳಗೊಂಡ ಒಂದು ಮಹಾಪರೀಕ್ಷೆ ಆರಂಭವಾಯಿತು. ಕೆಲವರಿಗೆ ನಿಜವಾದ ಲಸಿಕೆ, ಕೆಲವರಿಗೆ ಸತ್ತ್ವವಿಲ್ಲದ ದ್ರವ. ಏಳೂವರೆ ವರ್ಷಗಳ ಮೇಲೆ ನೋಡಿದಾಗ, ಶ್ವಾಸಕೋಶದ ಕ್ಷಯದಿಂದ ದೊಡ್ಡವರನ್ನು ಈ ಲಸಿಕೆ ರಕ್ಷಿಸಲಿಲ್ಲವೆಂದು ತಿಳಿದುಬಂದಿತು. ಹದಿನೈದು ವರ್ಷಗಳ ಲೆಕ್ಕವೂ ಅದನ್ನೇ ಸ್ಥಿರಪಡಿಸಿತು. ಶಿಶುಗಳಿಗೆ ಬರುವ ಕ್ಷಯದ ಉಗ್ರರೂಪಗಳನ್ನು ತಡೆಯುತ್ತದೆಂಬ ಕಾರಣದಿಂದ ಹುಟ್ಟಿದ ಮಕ್ಕಳಿಗೆ ಅದನ್ನು ಇಂದಿಗೂ ಹಾಕುತ್ತಾರೆ.

ಇಲ್ಲಿ ಉಂಧೇರಾದ ಚಿತ್ರ ತಲೆಕೆಳಗಾಯಿತು. ಚೆಂಗಲ್ಪಟ್ಟಿನಲ್ಲಿ ಸತ್ತ್ವವಿಲ್ಲದ ದ್ರವ ಪಡೆದ ದೊಡ್ಡವರು ಕಳೆದುಕೊಂಡುದು ಏನೂ ಇರಲಿಲ್ಲ. ಪರೀಕ್ಷೆ ನಡೆಯುವ ಮೊದಲು ಇದನ್ನು ಯಾರೂ ಹೇಳಬಲ್ಲವರಾಗಿರಲಿಲ್ಲ.

೫

ಇದೇ ಬಿ.ಸಿ.ಜಿ.ಯ ಮೂಲಕ ನಮ್ಮ ವಿಷಯವು ಕ್ಯಾನ್ಸರಿನ ಕಡೆಗೆ ತಿರುಗುತ್ತದೆ. ಸೋಂಕು ತಗಲಿದ ಕೆಲವು ರೋಗಿಗಳಲ್ಲಿ ಗಂತಿಗಳು ಕರಗುವುದನ್ನು ಕಂಡು, ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ೧೮೯೦ರ ದಶಕದಲ್ಲಿ ಅಣುಜೀವಿಗಳ ವಿಷವನ್ನೇ ಔಷಧವಾಗಿ ಬಳಸಿದ್ದನು. ೧೯೫೯ರಲ್ಲಿ ಇಲಿಗಳಲ್ಲಿ ಬಿ.ಸಿ.ಜಿ.ಯು ಗಂತಿಗಳ ಬೆಳವಣಿಗೆಯನ್ನು ತಡೆಯುವುದು ಕಂಡುಬಂದಿತು. ೧೯೭೦ರಲ್ಲಿ ಅಮೆರಿಕದ ಡೊನಾಲ್ಡ್ ಮಾರ್ಟನ್ ಮತ್ತು ಅವನ ಸಹೋದ್ಯೋಗಿಗಳು ಮೆಲನೋಮದ ಗಂಟುಗಳೊಳಗೆ ಬಿ.ಸಿ.ಜಿ.ಯನ್ನು ಚುಚ್ಚಿದಾಗ ಕೆಲವು ಗಂಟುಗಳು ಕರಗಿದುದನ್ನು ವರದಿಮಾಡಿದರು.

ಮೆಲನೋಮವು ಚರ್ಮಕ್ಕೆ ಬಣ್ಣ ಕೊಡುವ ಕಣಗಳಲ್ಲಿ ಹುಟ್ಟುವ ಕ್ಯಾನ್ಸರು. ಮಚ್ಚೆಯಂತೆ ತೋರುವ ಕಪ್ಪು ಕಲೆ ಬೆಳೆದು, ಮೊದಲು ಕಂಕುಳಿನ ಅಥವಾ ತೊಡೆಸಂದಿನ ಗ್ರಂಥಿಗಳಿಗೂ ಅನಂತರ ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೂ ಹರಡಬಲ್ಲದು. ಬೇಗನೆ ಕತ್ತರಿಸಿ ತೆಗೆದರೆ ಗುಣವಾಗುವ ಸಂಭವ ಬಹಳ. ಗ್ರಂಥಿಗಳಿಗೆ ಹರಡಿದ ಮೇಲೆ ಶಸ್ತ್ರವೈದ್ಯನು ಕಣ್ಣಿಗೆ ಕಾಣುವುದನ್ನೆಲ್ಲ ತೆಗೆದರೂ, ಕಾಣದೆ ಉಳಿದ ಕೆಲವು ಕಣಗಳು ತಿಂಗಳುಗಳ ಅಥವಾ ವರ್ಷಗಳ ಮೇಲೆ ತಲೆಯೆತ್ತುತ್ತವೆ. ಆ ಕಣಗಳನ್ನು ಶರೀರದ ರಕ್ಷಣಾಶಕ್ತಿಯೇ ಗುರುತಿಸಿ ಕೊಲ್ಲುವಂತೆ ಮಾಡುವುದು ಲಸಿಕೆಯ ಉದ್ದೇಶ. ಇದರ ಜೊತೆಗೆ, ೧೯೭೫ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಕಾರ್ಬಜೀನ್ ಎಂಬ ರಾಸಾಯನಿಕ ಔಷಧವನ್ನೂ ಕೊಟ್ಟರೆ, ಒಂದು ಕಣಗಳ ಸಂಖ್ಯೆಯನ್ನು ಇಳಿಸಿ ಇನ್ನೊಂದು ಉಳಿದವನ್ನು ತೊಡೆದುಹಾಕೀತೆಂಬ ಆಸೆಯಿತ್ತು. ಇದಕ್ಕೆ ಪ್ರತಿಯಾಗಿ ಒಂದು ಭಯವೂ ಇತ್ತು: ರಾಸಾಯನಿಕ ಔಷಧವು ರಕ್ತದ ಬಿಳಿಯ ಕಣಗಳನ್ನೂ ಕುಗ್ಗಿಸುವುದರಿಂದ, ಲಸಿಕೆಯು ಎಚ್ಚರಿಸಬೇಕಾದ ಸೈನ್ಯವನ್ನೇ ಅದು ಕೊಂದುಬಿಡಬಹುದಲ್ಲವೇ?

೧೯೭೪ರಲ್ಲಿ ಅಮೆರಿಕದ ವೈದ್ಯರ ಒಂದು ತಂಡವು, ಹರಡಿದ ಮೆಲನೋಮವುಳ್ಳವರಿಗೆ ಎರಡನ್ನೂ ಕೂಡಿಸಿ ಕೊಟ್ಟು ಆಶಾದಾಯಕವಾದ ವರದಿಯನ್ನು ಪ್ರಕಟಿಸಿತು. ಆದರೆ ಅವರ ಹೋಲಿಕೆಯಿದ್ದುದು ಹಿಂದೆ ಬರಿಯ ಔಷಧ ಪಡೆದಿದ್ದ ರೋಗಿಗಳ ದಾಖಲೆಗಳೊಡನೆ. ಇತಿಹಾಸದ ಅಧ್ಯಾಪಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ದಾಖಲೆಯನ್ನು ಇಂದಿನ ಸ್ಥಿತಿಯೊಡನೆ ಹೋಲಿಸುವಾಗ ಕಾಲಭೇದವನ್ನು ಮರೆಯಬಾರದೆಂದು ನಾವು ವಿದ್ಯಾರ್ಥಿಗಳಿಗೆ ಪ್ರತಿನಿತ್ಯ ಹೇಳುತ್ತೇವೆ. ರೋಗನಿರ್ಣಯ, ಆರೈಕೆ, ರೋಗಿಗಳ ಆಯ್ಕೆ ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಿನ್ನೆಯ ರೋಗಿಯು ಇಂದಿನ ರೋಗಿಗೆ ಸರಿಯಾದ ಜೊತೆಯಲ್ಲ.

ಆದಕಾರಣವೇ ೧೯೭೦ರ ದಶಕದಲ್ಲಿ ದೊಡ್ಡ ಪರೀಕ್ಷೆಗಳು ಅವಶ್ಯಕವಾದವು. ವಿಶ್ವ ಆರೋಗ್ಯ ಸಂಸ್ಥೆಯ ಮೆಲನೋಮ ಮಂಡಲಿಯು ಮಿಲಾನಿನ ಉಂಬರ್ಟೊ ವೆರೊನೇಸಿಯ ನೇತೃತ್ವದಲ್ಲಿ ಏಳುನೂರಕ್ಕೂ ಮಿಕ್ಕ ರೋಗಿಗಳನ್ನು ಆಕಸ್ಮಿಕ ಕ್ರಮದಿಂದ ನಾಲ್ಕು ಗುಂಪುಗಳನ್ನಾಗಿ ಮಾಡಿತು: ಶಸ್ತ್ರಚಿಕಿತ್ಸೆ ಮಾತ್ರ, ಅದರ ಮೇಲೆ ಡಕಾರ್ಬಜೀನ್, ಅದರ ಮೇಲೆ ಬಿ.ಸಿ.ಜಿ.; ಅದರ ಮೇಲೆ ಎರಡೂ. ಎರಡು ಚಿಕಿತ್ಸೆಗಳು ಒಂದಕ್ಕೊಂದು ನೆರವಾಗುತ್ತವೆಯೋ ಅಡ್ಡಬರುತ್ತವೆಯೋ ಎಂದು ತಿಳಿಯಲು ನಾಲ್ಕು ಗುಂಪುಗಳೂ ಬೇಕು. ೧೯೮೨ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಂಪುಗಳ ನಡುವೆ ನೆಚ್ಚತಕ್ಕ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ ೧೯೭೪ರಿಂದ ೭೩೪ ರೋಗಿಗಳನ್ನು ಸೇರಿಸಿಕೊಂಡ ಇನ್ನೊಂದು ಪರೀಕ್ಷೆ ನಡೆಯಿತು. ಅದರಲ್ಲಿ ಕೆಲವರಿಗೆ ಬಿ.ಸಿ.ಜಿ., ಕೆಲವರಿಗೆ ಬರಿಯ ನಿರೀಕ್ಷಣೆ. ರೋಗ ಹೆಚ್ಚು ಮುಂದುವರಿದಿದ್ದವರಲ್ಲಿ ಕೆಲವರಿಗೆ ಬಿ.ಸಿ.ಜಿ. ಮಾತ್ರ, ಕೆಲವರಿಗೆ ಡಕಾರ್ಬಜೀನನ್ನೂ ಕೂಡಿಸಿ. ಸುಮಾರು ಮೂವತ್ತು ವರ್ಷಗಳ ಕಾಲ ಅವರನ್ನು ಅನುಸರಿಸಿ ೨೦೦೪ರಲ್ಲಿ ಕೊಟ್ಟ ಕೊನೆಯ ವರದಿಯೂ ಅದನ್ನೇ ಹೇಳಿತು: ಆಯುಷ್ಯ ಹೆಚ್ಚಲಿಲ್ಲ.

ಇದರಿಂದ ಬಿ.ಸಿ.ಜಿ. ಕ್ಯಾನ್ಸರಿಗೆ ನಿಷ್ಪ್ರಯೋಜಕವೆಂದು ಹೇಳುವುದು ಸರಿಯಲ್ಲ. ೧೯೭೬ರಲ್ಲಿ ಕೆನಡಾದ ಮೊರಾಲೆಸ್ ಮೂತ್ರಕೋಶದ ಮೇಲ್ಪದರದ ಕ್ಯಾನ್ಸರಿಗೆ ಅದನ್ನು ಬಳಸಿ ತೋರಿಸಿದ ದಾರಿ ಮುಂದಿನ ಪರೀಕ್ಷೆಗಳಲ್ಲಿ ದೃಢಪಟ್ಟು ಇಂದಿಗೂ ರೂಢಿಯಲ್ಲಿದೆ. ಒಂದೇ ಲಸಿಕೆ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತಿತು. ಎಲ್ಲಿ ಯಾವುದು ಎಂಬುದನ್ನು ತರ್ಕವು ಹೇಳಲಿಲ್ಲ; ಹೋಲಿಕೆಯೇ ಹೇಳಿತು.

೬

ಮುಂದೆ ಬಂದ ಲಸಿಕೆಗಳು ಹೆಚ್ಚು ಜಾಣ್ಮೆಯವು. ಮಾರ್ಟನ್ನನೇ ಮೆಲನೋಮದ ಕಣಗಳಿಂದ ಲಸಿಕೆ ಮಾಡಿ ದೊಡ್ಡ ಪರೀಕ್ಷೆಗಳಿಗೆ ಒಡ್ಡಿದನು. ಫಲ ಕಾಣದೆ ಅವು ೨೦೦೫ರಲ್ಲಿ ನಿಂತವು. ಮೆಲನೋಮದ ಕಣದ ಹೊರಮೈಯಲ್ಲಿರುವ ಜಿ.ಎಂ.೨ ಎಂಬ ವಸ್ತುವಿನ ಲಸಿಕೆಯನ್ನು ಯೂರೋಪಿನಲ್ಲಿ ೧,೩೧೪ ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ಅನಂತರ ಅರ್ಧ ಜನರಿಗೆ ಕೊಟ್ಟರು. ೨೦೦೭ರಲ್ಲಿ ನಡುವಿನ ಲೆಕ್ಕವನ್ನು ತೆಗೆದಾಗ ಲಸಿಕೆ ಪಡೆದವರಲ್ಲಿಯೇ ಸಾವು ಹೆಚ್ಚಿರುವಂತೆ ತೋರಿದುದರಿಂದ ಲಸಿಕೆ ಕ್ರಮವನ್ನು ನಿಲ್ಲಿಸಲಾಯಿತು. ೨೦೧೩ರ ಕೊನೆಯ ಲೆಕ್ಕದಲ್ಲಿ ಆ ವ್ಯತ್ಯಾಸ ನೆಚ್ಚತಕ್ಕದ್ದಾಗಿ ಉಳಿಯಲಿಲ್ಲ, ಪ್ರಯೋಜನವಂತೂ ಇರಲಿಲ್ಲ. ಮೇಜ್-ಎ೩ ಎಂಬ ಇನ್ನೊಂದು ಲಸಿಕೆಯೂ ೧,೩೦೦ಕ್ಕೂ ಮಿಕ್ಕ ರೋಗಿಗಳ ಪರೀಕ್ಷೆಯಲ್ಲಿ ೨೦೧೩ರಲ್ಲಿ ಸೋತಿತು.

ರಾಸಾಯನಿಕ ಔಷಧ ಮತ್ತು ಲಸಿಕೆಗಳ ಜೊತೆಗಾರಿಕೆಯ ವಿಚಾರವೂ ಸಂಪೂರ್ಣವಾಗಿ ಮುಗಿಯಲಿಲ್ಲ. ರೋಮಿನ ಸಂಶೋಧಕರು ಶಸ್ತ್ರಚಿಕಿತ್ಸೆಯಾದ ಕೆಲವೇ ರೋಗಿಗಳಿಗೆ ಲಸಿಕೆಯ ಹಿಂದಿನ ದಿನ ಡಕಾರ್ಬಜೀನ್ ಕೊಟ್ಟು ನೋಡಿ, ಶರೀರದ ರಕ್ಷಣಾಕಣಗಳ ಪ್ರತಿಕ್ರಿಯೆ ಕುಗ್ಗುವುದಕ್ಕೆ ಬದಲಾಗಿ ಬಲಗೊಂಡು ಬಹುಕಾಲ ನಿಂತಿತೆಂದು ೨೦೦೯ರಲ್ಲಿ ಪ್ರಕಟಿಸಿದರು. ಹಳೆಯ ಭಯಕ್ಕೆ ಇದು ಒಂದು ಉತ್ತರ. ಆದರೆ ರಕ್ತದಲ್ಲಿ ಕಂಡ ಪ್ರತಿಕ್ರಿಯೆ ಬೇರೆ, ರೋಗಿಯ ಆಯುಷ್ಯ ಬೇರೆ. ಮೊದಲನೆಯದರಿಂದ ಎರಡನೆಯದನ್ನು ಊಹಿಸಿ ಮೋಸಹೋದ ನಿದರ್ಶನಗಳೇ ಈ ಚರಿತ್ರೆಯಲ್ಲಿ ಹೆಚ್ಚು.

ತೀರ ಇತ್ತೀಚೆಗೆ, ಪ್ರತಿಯೊಬ್ಬ ರೋಗಿಯ ಗಂತಿಯನ್ನೇ ಓದಿ ಅವನಿಗಾಗಿಯೇ ಸಿದ್ಧಪಡಿಸುವ ಎಂ-ಆರ್‌ಎನ್‌ಎ ಲಸಿಕೆಯನ್ನು, ಶಸ್ತ್ರಚಿಕಿತ್ಸೆಯಾದ ೧೫೭ ಮೆಲನೋಮ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಇಲ್ಲಿ ಜೊತೆಗಿದ್ದುದು ಹಳೆಯ ಬಗೆಯ ರಾಸಾಯನಿಕ ಔಷಧವಲ್ಲ. ರಕ್ಷಣಾಶಕ್ತಿಯ ತಡೆಯನ್ನು ಬಿಡಿಸುವ ಪೆಂಬ್ರೊಲಿಜುಮ್ಯಾಬ್. ೧೦೭ ಮಂದಿಗೆ ಎರಡನ್ನೂ, ೫೦ ಮಂದಿಗೆ ಔಷಧವನ್ನು ಮಾತ್ರ ಕೊಟ್ಟರು. ಹದಿನೆಂಟು ತಿಂಗಳುಗಳ ಮೇಲೆ ರೋಗ ಮರುಕಳಿಸದೆ ಇದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ ೭೯, ಎರಡನೆಯದರಲ್ಲಿ ಶೇಕಡಾ ೬೨. ೨೦೨೩ರಲ್ಲಿ ಇದಕ್ಕಿಂತ ಬಹಳ ದೊಡ್ಡದಾದ ಪರೀಕ್ಷೆ ಆರಂಭವಾಯಿತು. ಆಸೆ ಇದೆ, ಹಿಂದಿನ ಐವತ್ತು ವರ್ಷಗಳ ನೆನಪಿನಿಂದ ಆ ಆಸೆಗೆ ಒಂದು ಹದವೂ ಇರಬೇಕು.

೭

ಇಷ್ಟನ್ನು ವಿವರಿಸಿದ ಮೇಲೆ, ಇದರಿಂದ ನಮ್ಮ ಸೀಮೆಗೆ ಏನು ಎಂದು ಕೇಳುವವರಿರಬಹುದು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ. ಕ್ಯಾನ್ಸರ್ ರೋಗಿಗಳನ್ನು ಎಣಿಸುವ ನೋಂದಣಿ ಕಾರ್ಯವು ರಾಷ್ಟ್ರೀಯ ಯೋಜನೆಯ ಅಂಗವಾಗಿ ಬೆಂಗಳೂರಿನಲ್ಲಿ ೧೯೮೨ರಿಂದ ನಡೆದಿದೆ. ಮೆಲನೋಮ ನಮ್ಮಲ್ಲಿ ವಿರಳ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಕಡಿಮೆ. ಆದರೆ ಬಿಳಿಯ ಜನರಲ್ಲಿ ಅದು ಬಿಸಿಲಿಗೆ ಒಡ್ಡಿದ ಮೈಮೇಲೆ ಹೆಚ್ಚು ತೋರಿದರೆ, ನಮ್ಮವರಲ್ಲಿ ಅಂಗಾಲು, ಉಗುರಿನ ಬುಡ, ಬಾಯಿಯ ಒಳಪದರ ಮುಂತಾದ ಕಡೆ ಹೆಚ್ಚಾಗಿ ತೋರುತ್ತದೆ. ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದುದೆಂದೋ ಆಣಿಯೆಂದೋ ತಿಳಿದು ತಡಮಾಡುವುದು ಸುಲಭ. ಈ ಲೇಖನದಲ್ಲಿ ಹೇಳಿದ ಮೆಲನೋಮದ ದೊಡ್ಡ ಪರೀಕ್ಷೆಗಳಲ್ಲಿ ಪಾಲುಗೊಂಡವರು ಬಹುಮಟ್ಟಿಗೆ ಬಿಳಿಯ ಜನರು. ಗ್ರೀನ್‌ವುಡ್ ಮತ್ತು ಯೂಲರ ಮೊದಲ ಷರತ್ತಾದ ಸಮಾನತೆಯನ್ನು ಇಲ್ಲಿಗೂ ವಿಸ್ತರಿಸಿದರೆ, ಅಲ್ಲಿಯ ಫಲವನ್ನು ಇಲ್ಲಿಗೆ ಹಾಗೆಯೇ ತರಬಹುದೇ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ರೋಗಿಗಳು ಪರೀಕ್ಷೆಗಳೊಳಗೆ ಬಾರದೆ ಅದಕ್ಕೆ ಉತ್ತರ ದೊರೆಯುವಂತಿಲ್ಲ.

ಹಾಗೆ ಬರಬೇಕಾದರೆ ಅವರಿಗೆ ವಿಶ್ವಾಸ ಹುಟ್ಟಬೇಕು. ಪ್ಲೇಗಿನ ಕಾಲದಲ್ಲಿ ಸರಕಾರಗಳು ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಪ್ರಯಾಣಿಕರನ್ನು ತಡೆದು ಪರೀಕ್ಷಿಸುತ್ತಿದ್ದುವು. ಲಸಿಕೆಯ ಪ್ರಮಾಣಪತ್ರ ಇದ್ದವರಿಗೆ ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡುತ್ತಿದ್ದುವು. ಇಂಥ ಸ್ಥಿತಿಯಲ್ಲಿ ಒಬ್ಬನು ತೋಳೊಡ್ಡಿದುದು ಒಪ್ಪಿಗೆಯಿಂದಲೋ ತೊಂದರೆ ತಪ್ಪಿಸಿಕೊಳ್ಳಲೋ ಎಂದು ಹೇಳುವುದು ಕಷ್ಟ. ಇಂದು ಒಪ್ಪಿಗೆಯಿಲ್ಲದೆ ಪರೀಕ್ಷೆಯಿಲ್ಲ. ೧೯೪೭ರ ನ್ಯೂರೆಂಬರ್ಗ್ ಸಂಹಿತೆ ಮತ್ತು ೧೯೬೪ರ ಹೆಲ್ಸಿಂಕಿ ಘೋಷಣೆಗಳು ಇದನ್ನು ಜಗತ್ತಿನ ನಿಯಮವನ್ನಾಗಿ ಮಾಡಿದವು. ನಮ್ಮ ದೇಶದಲ್ಲಿ ಪರೀಕ್ಷೆಗಳ ಸಾರ್ವಜನಿಕ ನೋಂದಣಿ ೨೦೦೭ರಲ್ಲಿ ಆರಂಭವಾಯಿತು. ೨೦೧೯ರಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು.

ಈಗ ಮೊದಲ ಪ್ರಶ್ನೆಗೆ ಮರಳೋಣ. ಅರ್ಧ ಜನರಿಗೆ ಕೊಡದೆ ಇಡುವುದು ನ್ಯಾಯವೇ? ಉಂಧೇರಾದಲ್ಲಿ ಪಡೆಯದವರು ಪ್ರಾಣ ಕಳೆದುಕೊಂಡರು. ಚೆಂಗಲ್ಪಟ್ಟಿನಲ್ಲಿ ಪಡೆಯದ ದೊಡ್ಡವರು ಏನನ್ನೂ ಕಳೆದುಕೊಳ್ಳಲಿಲ್ಲ. ಮಿಲಾನಿನಲ್ಲಿ ಬರಿಯ ಶಸ್ತ್ರಚಿಕಿತ್ಸೆ ಪಡೆದವರು, ಔಷಧದ ವಾಂತಿ ನಿತ್ರಾಣಗಳಿಲ್ಲದೆಯೇ ಉಳಿದವರಷ್ಟು ಕಾಲ ಬದುಕಿದರು. ಜಿ.ಎಂ.೨ರ ಪರೀಕ್ಷೆಯಲ್ಲಿ ಪಡೆಯದವರೇ ಅದೃಷ್ಟವಂತರೆಂದು ಒಂದು ಗಳಿಗೆ ತೋರಿತು. ಪರೀಕ್ಷೆ ಮುಗಿಯುವ ತನಕ ಅದೃಷ್ಟ ಯಾವ ಕಡೆಯದೆಂದು ಯಾರಿಗೂ ತಿಳಿಯದು. ಆ ಅಜ್ಞಾನವು ಪ್ರಾಮಾಣಿಕವಾಗಿರುವ ತನಕ, ಮತ್ತು ಪಾಲುಗೊಂಡವರು ತಿಳಿದು ಒಪ್ಪಿರುವ ತನಕ, ವಿಭಾಗಿಸುವುದು ಅನ್ಯಾಯವಲ್ಲ. ಈ ಎರಡರಲ್ಲಿ ಒಂದು ತಪ್ಪಿದರೂ ಅದು ಅನ್ಯಾಯವೇ. ಉಂಧೇರಾದ ಸ್ಪಷ್ಟತೆಯನ್ನೂ, ಹುಬ್ಬಳ್ಳಿಯಲ್ಲಿ ಬಂದವರಿಗೆಲ್ಲ ಕೊಟ್ಟ ಔದಾರ್ಯವನ್ನೂ ಒಂದೇ ಕಡೆ ತರಲು ಇದಕ್ಕಿಂತ ಹತ್ತಿರದ ದಾರಿ ಇನ್ನೂ ಕಂಡಿಲ್ಲವೆಂದು ನಾವು ಭಾವಿಸುತ್ತೇವೆ.

ಲಸಿಕೆಗಳ ಚರಿತ್ರೆಯಲ್ಲಿ ಕಂಡುಹಿಡಿದವರ ಹೆಸರುಗಳು ಉಳಿಯುತ್ತವೆ. ಹೋಲಿಕೆಗಾಗಿ ನಿಂತ ಜನರ ಹೆಸರುಗಳು ಉಳಿಯುವುದಿಲ್ಲ. ೬೪, ೨೬, ೫೦ ಎಂಬ ಅಂಕಿಗಳಾಗಿ ಮಾತ್ರ ಅವರು ಪಟ್ಟಿಗಳಲ್ಲಿದ್ದಾರೆ. ಇಂದು ಒಬ್ಬ ವೈದ್ಯನು ಈ ಚಿಕಿತ್ಸೆಯಿಂದ ಫಲವಿಲ್ಲವೆಂದು ಧೈರ್ಯವಾಗಿ ಹೇಳಿ ರೋಗಿಯನ್ನು ವ್ಯರ್ಥ ಸಂಕಟದಿಂದ ಪಾರುಮಾಡಬಲ್ಲನಾದರೆ, ಅದು ಅವರ ಋಣ. ಪ್ಲೇಗಿನ ಕಾಲದ ಕಾಗದಪತ್ರಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಆ ಅಂಕಿಗಳ ಬಳಿ ಒಂದು ಕ್ಷಣ ನಿಂತು, ಈ ಸಾಲಿನಲ್ಲಿ ಇದ್ದವರು ಯಾರು, ಅವರನ್ನು ಕೇಳಿದ್ದರೇ ಎಂದು ವಿಚಾರಿಸುವುದನ್ನು ಕಲಿತರೆ ಈ ಲೇಖನದ ಶ್ರಮ ಸಾರ್ಥಕ.